ಬಂದು ಹೋಗುವ ಕೇಡು

ಯಂತ್ರವೊಂದು ಸಂಪೂರ್ಣವಾಗಿ ಕೆಟ್ಟು ನಿಂತರೆ ಮನುಷ್ಯನಿಗೆ ಒಂದು ಬಗೆಯ ನೆಮ್ಮದಿಯುಂಟು. ಅದನ್ನು ಹೊರಗೆ ಹಾಕಿಸಬಹುದು, ಇಲ್ಲವೆ ಮಾರಿದವನನ್ನು ಬಯ್ಯಬಹುದು. ಆದರೆ ಒಮ್ಮೆ ನಡೆದು ಒಮ್ಮೆ ನಿಂತು, ಏಕೆ ನಿಂತಿತೆಂದು ವಿಚಾರಿಸುವಷ್ಟರಲ್ಲಿ ಏನೂ ನಡೆದೇ ಇಲ್ಲವೆಂಬಂತೆ ಮತ್ತೆ ನಡೆಯತೊಡಗುವ ಯಂತ್ರವು ತನ್ನನ್ನು ನಂಬಿದವರ ವಿವೇಕವನ್ನೇ ಸಂಶಯಕ್ಕೀಡುಮಾಡುವುದು. ಹಾರೂಗೇರಿಯ ಒಂದು ಪತ್ತಿನ ಸಹಕಾರಿ ಸಂಘದ ಆಡಳಿತ ಮಂಡಲಿಯಲ್ಲಿದ್ದ ಕಾಲದಲ್ಲಿ ನನಗೆ ಇಂಥ ಕೇಡಿನ ಪರಿಚಯವಾಯಿತು.

1905ರಲ್ಲಿ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರಿ ಸಂಘವನ್ನು ಆರಂಭಿಸಿದಾಗ ಲೆಕ್ಕವೆಲ್ಲ ವಹಿಯಲ್ಲಿಯೇ ಇದ್ದಿರಬೇಕು. ವಹಿಯು ಹನ್ನೊಂದು ಗಂಟೆಗೆ ಇದ್ದು ಹನ್ನೊಂದೂಕಾಲಿಗೆ ಇಲ್ಲವಾದ ಉದಾಹರಣೆಯನ್ನು ನಾನು ಕೇಳಿಲ್ಲ. ಲೆಕ್ಕವೆಲ್ಲ ಕಂಪ್ಯೂಟರಿಗೇರಿದ್ದ ನಮ್ಮಲ್ಲಿಯಾದರೋ, ಬಂಗಾರದ ಸಾಲಕ್ಕೆ ಬಂದವರ ಸರತಿ ಉದ್ದವಾದಷ್ಟೂ “ನೆಟ್ ಹೋತ್ರೀ ಸರ” ಎಂಬ ಉದ್ಗಾರವು ಪದೇಪದೇ ಕೇಳಿಬರುತ್ತಿತ್ತು.

ಕಾರಣಗಳಿಗೆ ಮಾತ್ರ ಬರಗಾಲವಿರಲಿಲ್ಲ. ತ್ರೀ ಫೇಜ್ ಕರೆಂಟ್ ಬಂದೊಡನೆ ಸುತ್ತಲಿನ ಕಬ್ಬು ಅರಿಸಿನದ ತೋಟಗಳ ಪಂಪ್‌ಸೆಟ್ಟುಗಳೆಲ್ಲ ಒಮ್ಮೆಲೇ ಚಾಲೂ ಆಗಿ ವೋಲ್ಟೇಜ್ ಕುಸಿಯುವುದೆಂದು ಕ್ಯಾಶಿಯರರು ಪ್ರತಿಪಾದಿಸಿದರು. ಈ ವಾದದಲ್ಲಿ ತಥ್ಯವಿದ್ದುದರಿಂದ ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸುವ ಸ್ವಿಚ್ಚಿಗೂ ಯುಪಿಎಸ್ಸಿನ ಆಶ್ರಯ ದೊರೆಯಿತು, ಕೇಡು ಹಾಗೆಯೇ ಉಳಿಯಿತು. ಇಲಿಗಳ ಮೇಲೆ ಅಕೌಂಟೆಂಟರಿಗೆ ಗುಮಾನಿ. ಸಿಪಾಯಿಯು ಯಾರನ್ನೂ ಕೇಳದೆ ಅಮಾವಾಸ್ಯೆಯಂದು ಸ್ವಿಚ್ಚಿಗೆ ಕುಂಕುಮ ಹಚ್ಚಿ ಕಾಯಿ ಒಡೆದನು. ವೆಚ್ಚದ ದೃಷ್ಟಿಯಿಂದ ಇದೇ ಅತ್ಯಂತ ಮಿತವ್ಯಯದ ಉಪಾಯವೆಂದು ನನ್ನ ಅಭಿಪ್ರಾಯ.

ಮನೆಯಲ್ಲಿ ಕುಂಟುವ ಎತ್ತು ಸಂತೆಯಲ್ಲಿ ನೆಟ್ಟಗೆ ನಡೆಯುವಂತೆ, ಅಥಣಿಯಿಂದ ರಿಪೇರಿಯ ತರುಣನು ಬಂದ ಗಳಿಗೆಯಿಂದ ನಮ್ಮ ನೆಟ್‌ವರ್ಕು ಪರಮ ಸಾಧುವಾಗಿಬಿಡುತ್ತಿತ್ತು. ಅವನು ಮೊದಲು 127.0.0.1 ಎಂಬ ವಿಳಾಸಕ್ಕೆ ಪಿಂಗ್ ಕಳುಹಿಸುವನು. 1983ರಲ್ಲಿ ಮೈಕ್ ಮೂಸ್ ಎಂಬ ಅಮೆರಿಕನ್ನನು ರಚಿಸಿದ ಈ ಪುಟ್ಟ ಸಾಧನವು ಒಂದು ಕಂಪ್ಯೂಟರು ಇನ್ನೊಂದನ್ನು “ಇದ್ದೀಯಾ?” ಎಂದು ಕೂಗಿ ಉತ್ತರಕ್ಕಾಗಿ ಕಾಯುವ ಏರ್ಪಾಡು, ಮೇಲೆ ಹೇಳಿದ ವಿಳಾಸವಾದರೋ ಕಂಪ್ಯೂಟರು ತನ್ನನ್ನು ತಾನೇ ಕರೆದುಕೊಳ್ಳುವ ವಿಳಾಸವಾದುದರಿಂದ, ಕೇಬಲ್ಲನ್ನು ಕಿತ್ತಿಟ್ಟರೂ ಉತ್ತರ ಬಂದೇ ಬರುವುದು. (ಪ್ರಶ್ನೆಯನ್ನೂ ಉತ್ತರವನ್ನೂ ತಾವೇ ಹೇಳಿಕೊಂಡು ಸಂತುಷ್ಟರಾಗುವವರು ನಮ್ಮ ಮಂಡಲಿಯಲ್ಲಿಯೂ ಇದ್ದರು.) ಆಮೇಲೆ ಸರ್ವರಿಗೆ ಪಿಂಗ್; ಅದಕ್ಕೂ ಉತ್ತರ. “ಎಲ್ಲಾ ಛಲೋ ಐತ್ರೀ ಸಾಹೇಬ್ರ” ಎಂದು ಅವನು ಚಹಾ ಕುಡಿದು ಹೋಗುವನು.

ಒಂದು ಸಲಕ್ಕೆ ಒಂದೇ ವಸ್ತುವನ್ನು ಬದಲಿಸಿ ನೋಡಬೇಕೆಂದು ಅವನು ಹೇಳಿದ್ದನು. ಅದು ಉತ್ತಮ ನಿಯಮ. ಆದರೆ ಠರಾವು ಪಾಸು ಮಾಡಿ ಖರೀದಿಸುವ ಮಂಡಲಿಗೆ ಅಷ್ಟು ಸಂಯಮವೆಲ್ಲಿಯದು? ಸ್ವಿಚ್ಚನ್ನೂ ನೆಟ್‌ವರ್ಕ್ ಕಾರ್ಡನ್ನೂ ಒಂದೇ ದಿನ ಬದಲಿಸಿದೆವು. ಗೋಡೆಯ ಪಟ್ಟಿಯೊಳಗೆ ಅಡಗಿದ್ದ ಹಳೆಯ ಕೇಬಲ್ಲನ್ನು, ಕಣ್ಣಿಗೆ ಬೀಳದ ಕಾರಣ, ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ರಹಸ್ಯವನ್ನು ಭೇದಿಸಿದವಳು, ಮೊಮ್ಮಗಳ ಮದುವೆಗೆಂದು ಒತ್ತೆಯಿಟ್ಟ ಸರವನ್ನು ಬಿಡಿಸಿಕೊಳ್ಳಲು ಬಂದು ಸ್ವಿಚ್ಚಿನ ಎದುರಿನ ಬೆಂಚಿನ ಮೇಲೆ ಕುಳಿತಿದ್ದ ಒಬ್ಬ ಮುದುಕಿ. “ಯಪ್ಪಾ, ನೀವು ತಿಜೋರಿ ತಗದಾಗೊಮ್ಮಿ ಆ ಹಸರ ದೀಪ ಆರತೈತಿ ನೋಡ್ರಿ,” ಎಂದಳು. ನೋಡಿದೆವು. ತಿಜೋರಿಯ ಬಾಗಿಲು ಪೂರ್ತಿ ತೆರೆದಾಗ ಅದರ ಹಿಡಿಕೆಯು ಗೋಡೆಯ ಪಟ್ಟಿಯನ್ನು ಒತ್ತುತ್ತಿತ್ತು. ಕೇಬಲ್ಲಿನಲ್ಲಿ ಎರಡೆರಡಾಗಿ ಹೆಣೆದ ಎಂಟು ತಂತಿಗಳು. ಅವುಗಳಲ್ಲೊಂದು ಹೊದಿಕೆಯೊಳಗೇ ತುಂಡಾಗಿ, ತುದಿಗೆ ತುದಿ ತಾಗಿಕೊಂಡಿದ್ದಷ್ಟು ಹೊತ್ತು ಕೆಲಸ ಮಾಡಿ, ಒತ್ತಿದೊಡನೆ ಸಂಬಂಧ ಕಡಿದುಕೊಳ್ಳುತ್ತಿತ್ತು. ಮ್ಯಾನೇಜರರದೊಂದು, ಕ್ಯಾಶಿಯರರದೊಂದು ಕೀಲಿ ಕೂಡಿದಲ್ಲದೆ ತೆರೆಯದ ಆ ತಿಜೋರಿಯನ್ನು ಪರಸ್ಥರು ಕೌಂಟರಿನ ಒಳಗಿರುವಾಗ ತೆರೆಯಬಾರದೆಂಬುದು ಸಂಘದ ಕಟ್ಟಳೆ. ಅಥಣಿಯ ತರುಣನು ಒಳಗೆ ಬಂದು ಕುಳಿತಷ್ಟು ಹೊತ್ತೂ ಅದನ್ನು ಅತ್ಯಂತ ನಿಷ್ಠೆಯಿಂದ ಪಾಲಿಸಲಾಗಿತ್ತು.

ಕೇಬಲ್ಲನ್ನು ಬದಲಿಸಿ ಗೇಣುದ್ದ ಮೇಲಕ್ಕೆ ಸರಿಸಿದ್ದಾಯಿತು. ಮುಂದಿನ ಸಭೆಯಲ್ಲಿ ಒಬ್ಬ ಸದಸ್ಯರು, ತಿಜೋರಿ ತೆರೆಯುವ ಕಟ್ಟಳೆಯಿಂದ ಕಂಪ್ಯೂಟರ್ ರಿಪೇರಿಯವರಿಗೆ ವಿನಾಯಿತಿ ಕೊಡಬೇಕೆಂದು ಸೂಚಿಸಿದರು. ಹಾಗಾದರೆ ಇಲಿ ಹಿಡಿಯುವವನಿಗೂ ಕೊಡಬೇಕಾದೀತೆಂದು ಇನ್ನೊಬ್ಬರು ಆಕ್ಷೇಪಿಸಿದ್ದರಿಂದ ವಿಷಯವನ್ನು ಮುಂದೂಡಲಾಯಿತು.