ಕಾರ್ ವಾಷ್‌ಗೊಂದು ವಾಷರ್

ನಿಮ್ಮ ಮನೆಯಲ್ಲೂ ಒಂದು ಹಳೇ ಕಾರು, ಅದನ್ನು ಯಾರು ತೊಳೀಬೇಕು ಅಂತ ಭಾನುವಾರಕ್ಕೊಂದು ಜಗಳ ಇದ್ದೇ ಇರುತ್ತೆ. ನಾನಿರೋದು ಹುದಿಕೇರಿಯಲ್ಲಿ. ಮಳೆಗಾಲದಲ್ಲಿ ನಮ್ಮ ಕಾರಿನ ಬಣ್ಣ ಯಾವುದು ಅಂತ ಆರ್‌ಸಿ ನೋಡಿಯೇ ಹೇಳಬೇಕು.

ಮಗನ ಮನೆಗೆ ಅಂತ ಅಮೆರಿಕಕ್ಕೆ ಹೋಗಿದ್ದೇ ಗ್ರಹಚಾರಕ್ಕೆ ಮೂಲ. ಅಲ್ಲಿ ಕಾರು ತೊಳೆಯೋಕೆ ಒಂದು ಶೆಡ್ಡು, ಗೋಡೆಗೊಂದು ಪೈಪು, ಆಳು ಮಾತ್ರ ಇಲ್ಲ. "ಕ್ವಾರ್ಟರ್ ಹಾಕಿ ಅಪ್ಪಾ" ಅಂದ ಮಗ. ನನ್ನ ಮುಖ ಅರಳಿತು. ಹೆಂಡತಿ ಕೆಕ್ಕರಿಸಿದಳು. ನೋಡಿದರೆ ಅದು 25 ಸೆಂಟಿನ ನಾಣ್ಯ! ಪಕ್ಕದಲ್ಲೇ ಟವೆಲ್ಲು, ಶಾಂಪೂ ಮಾರುವ ಉಕ್ಕಿನ ಪೆಟ್ಟಿಗೆ. ಅದಕ್ಕೆ ದುಂಡು ಬಾಯಿಯ ಬೀಗ, ಒಳಗಿನ ದುಡ್ಡಿನ ಡಬ್ಬಿಗೆ ಬೇರೆಯದೇ ಬೀಗ. ಅದನ್ನೇ ಬೆರಗಿನಿಂದ ನೋಡುತ್ತಾ ನಿಂತೆ. ಅಷ್ಟರಲ್ಲಿ ನಾಣ್ಯದ ಟೈಮು ಮುಗಿದು ನೀರು ನಿಂತಿತು. ನೊರೆ ಮೆತ್ತಿದ ಕಾರಿನಲ್ಲೇ ವಾಪಸ್ಸು.

ಊರಿಗೆ ಬಂದವನು ನೊರೆಯ ಸುದ್ದಿ ನುಂಗಿ, ಪೆಟ್ಟಿಗೆಯ ಸುದ್ದಿ ಸಾರಿದೆ. "ನಮ್ಮ ಗೇಟಲ್ಲಿ ಇಂಥದ್ದೊಂದು ಇಟ್ಟರೆ ಇರ್ಪು ಜಲಪಾತಕ್ಕೆ ಹೋಗೋ ಟೂರಿಸ್ಟ್‌ಗಳೆಲ್ಲ ಕ್ಯೂ ನಿಲ್ತಾರೆ ಕಣೇ."

"ಮೊದಲು ನಮ್ಮ ಕಾರು ತೊಳೀರಿ" ಅಂದಳು.

ಇಂಥ ಮಾತಿಗೆಲ್ಲ ವಿಜ್ಞಾನಿ ಜಗ್ಗಬಾರದು. ಸುಮಾರು ಎರಡು ಸಾವಿರ ವರ್ಷದ ಹಿಂದೆಯೇ ಅಲೆಕ್ಸಾಂಡ್ರಿಯದ ಒಬ್ಬ ಪಂಡಿತ, ದೇವಸ್ಥಾನದಲ್ಲಿ ನಾಣ್ಯ ಹಾಕಿದರೆ ತೀರ್ಥ ಸುರಿಯುವ ಯಂತ್ರ ವಿವರಿಸಿದ್ದಾನೆ. ನಾಣ್ಯದ ಭಾರಕ್ಕೆ ಸನ್ನೆ ತಗ್ಗುತ್ತೆ, ತೀರ್ಥ ಬರುತ್ತೆ. ನಾಣ್ಯ ಜಾರಿ ಬಿದ್ದರೆ ತೀರ್ಥ ಬಂದ್. ಅವನ ಹೆಸರೇ ಹೀರೋ. ಕಾಮಿಡಿಯನ್ ಪಾರ್ಟು ಖಾಲಿ ಇತ್ತು, ನಾನು ಹೋಗಿ ನಿಂತೆ.

ಗೋಣಿಕೊಪ್ಪದಲ್ಲಿ ವೆಲ್ಡಿಂಗ್ ಮಾಡಿಸಿ ಪೆಟ್ಟಿಗೆ ತಂದೆ. ಹತ್ತರ ನಾಣ್ಯದ ಅಗಲ 27 ಮಿಲಿಮೀಟರ್, ಅದಕ್ಕೆ ತಕ್ಕ ಸೀಳು. 14 ಬಗೆಯ ಹತ್ತರ ನಾಣ್ಯಗಳೂ ನಡೆಯುತ್ತವೆ ಅಂತ ರಿಸರ್ವ್ ಬ್ಯಾಂಕ್ 2018ರಲ್ಲೇ ಸಾರಿದರೂ ಅಂಗಡಿಯವರು ಮೂತಿ ತಿರುವುತ್ತಿದ್ದರಲ್ಲ, ನಾನಾದರೂ ಗೌರವ ಕೊಡೋಣ ಅಂತ. ನಾಣ್ಯ ಬಿದ್ದರೆ ಸನ್ನೆ ತಗ್ಗಿ ಶಾಂಪೂ ಸ್ಯಾಚೆ ಉದುರುತ್ತೆ. ನೀರು? ನಾಣ್ಯದ ಸದ್ದು ಕೇಳಿದ ಕೂಡಲೇ ಗೋಡೆ ಹಿಂದೆ ಕುಕ್ಕರಗಾಲಲ್ಲಿ ಕೂತ ನಾನು ತೋಟದ ಸ್ಪ್ರೇಯರ್ ಆನ್ ಮಾಡಬೇಕು. ಸೆಲ್ಫ್ ಸರ್ವಿಸ್ ಅಂದರೆ ಅದೇ ತಾನೆ!

ಮೊದಲ ಎರಡು ದಿನ ಠಣ್ ಠಣ್ ಅಂತ ಒಳ್ಳೇ ವ್ಯಾಪಾರ. ಕಾರು ಮಾತ್ರ ಒಂದೂ ಕಾಣಲಿಲ್ಲ.

ಮೂರನೇ ದಿನ ಮದುವೆಗೆ ಹೊರಟಿದ್ದ ಭಾವ ಬಿಳೀ ಕಾರು ತಂದು ನಿಲ್ಲಿಸಿದರು. ಠಣ್. ಸ್ಪ್ರೇಯರ್ ಆನ್ ಮಾಡಿದೆ. "ಭಾವಾ, ಇದೇನು ಬಣ್ಣ?" ಅಂತ ಕೂಗಿದರು. ಇಣುಕಿದೆ. ಹಿಂದಿನ ದಿನ ಕಾಫಿಗೆ ಹೊಡೆದ ಬೋರ್ಡೋ ದ್ರಾವಣ ಡ್ರಮ್ಮಿನಲ್ಲೇ ಉಳಿದಿತ್ತು. ನೂರು ಲೀಟರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಅಳತೆಯಲ್ಲಿ ನಾನು ತಪ್ಪುವವನಲ್ಲ. ಕಾರು ಬಾನಿನಷ್ಟೇ ನೀಲಿ. ಇನ್ನು ಆ ಕಾರಿಗೆ ಕೊಳೆರೋಗ ಬರಲ್ಲ ಅಂತ ಸಮಾಧಾನ ಹೇಳಲು ಹೋದೆ, ಭಾವ ಕೇಳುವ ಮೂಡಿನಲ್ಲಿರಲಿಲ್ಲ.

"ಹತ್ತು ರೂಪಾಯಿ ವಾಪಸ್ ಕೊಡಿ!"

ಬೀಗದ ಕೈ ಪೆಟ್ಟಿಗೆಯೊಳಗಿತ್ತು. ಕಳ್ಳರಿಗೆ ಸಿಗದಿರಲಿ ಅಂತ ನಾನೇ ಸೀಳಿನಿಂದ ಒಳಗೆ ಹಾಕಿದ್ದೆ.

ವೆಲ್ಡಿಂಗ್‌ನವನು ಮುನ್ನೂರು ರೂಪಾಯಿಗೆ ಕತ್ತರಿಸಿ ತೆಗೆದ. ಒಳಗಿದ್ದದ್ದು ಭಾವನ ಒಂದು ನಾಣ್ಯ, ನನ್ನ ಬೀಗದ ಕೈ, ಮೂವತ್ತೊಂದು ಕಬ್ಬಿಣದ ವಾಷರ್. ಪಕ್ಕದ ಮನೆ ಹುಡುಗರ ತಲೆಗೂದಲು ಎರಡು ದಿನದಿಂದ ಯಾಕೆ ಅಷ್ಟು ಹೊಳೆಯುತ್ತಿತ್ತು ಅಂತ ಆಗ ಹೊಳೆಯಿತು.

"ಕಾರ್ ವಾಷ್ ಅಂದಮೇಲೆ ವಾಷರ್ ಹಾಕದೆ ಇನ್ನೇನು ಹಾಕ್ತಾರೆ?" ಅಂದಳು ಇವಳು.

ಪೆಟ್ಟಿಗೆ ಈಗ ಹೊಸ ಬೀಗದೊಂದಿಗೆ ಅಡುಗೆಮನೆಯಲ್ಲಿದೆ. ನನಗೆ ಸಕ್ಕರೆ ಕಾಯಿಲೆ, ರವೆಉಂಡೆ ಅದರೊಳಗೆ. ಕೀ ಅವಳ ಸೊಂಟದಲ್ಲಿ. ಸನ್ನೆ ಮಾತ್ರ ಇನ್ನೂ ಚೆನ್ನಾಗಿ ಕೆಲಸ ಮಾಡುತ್ತೆ, ಮೂವತ್ತೊಂದು ವಾಷರಿನಲ್ಲಿ ಇಪ್ಪತ್ತಾರು ಉಳಿದಿವೆ.