ಮಸೂರಗೋತ್ರ ನಿರ್ಣಯ: ಸೂಲಿಬೆಲೆಯ ರಾಗಿ ಹೊಲವನ್ನು ಪ್ರಮಾಣವಾಗಿಟ್ಟುಕೊಂಡು

ತಲೆಗೆ ಕರಿಬಟ್ಟೆ ಹೊದ್ದು, ನಾಲ್ಕಿಂಚು ಅಗಲ ಐದಿಂಚು ಉದ್ದದ ಫಿಲ್ಮ್ ಹಾಳೆಯ ಮೇಲೆ ಒಂದೊಂದೇ ಚಿತ್ರ ತೆಗೆಯುವ, ತಿದಿಯುಳ್ಳ ಯಂತ್ರವನ್ನು ಬೃಹದ್ರೂಪ ಕ್ಯಾಮೆರಾ ಎನ್ನುತ್ತಾರೆ. ಅದರ ಮುಂದಿನ ಲೆನ್ಸ್ ಯಾವ ಕಂಪನಿಯದೆಂದು ತರ್ಕಿಸುವ ಶಾಸ್ತ್ರವೇ ಮಸೂರಗೋತ್ರಮೀಮಾಂಸೆ. ಚಿತ್ರ ತೆಗೆಯುವುದು ಈ ಶಾಸ್ತ್ರದ ಅಂಗವಲ್ಲ, ವಿಘ್ನ.

ಗೋತ್ರಗಳು ಮುಖ್ಯವಾಗಿ ನಾಲ್ಕು. ಮೊದಲನೆಯದು 1913ರಲ್ಲಿ ಜರ್ಮನಿಯ ಕ್ರೊಯ್ಟ್ಸ್‌ನಾಖ್‌ನಲ್ಲಿ ಹುಟ್ಟಿದ ಷ್ನೈಡರ್ ಗೋತ್ರ. ಸಿಮ್ಮಾರ್, ಸೂಪರ್ ಆಂಗುಲಾನ್ ಎಂಬುವು ಇದರ ಪ್ರವರ. ಎರಡನೆಯದು 1877ರ ರೋಡೆನ್‌ಸ್ಟಾಕ್ ಗೋತ್ರ. ಇದರ ಪ್ರವರ ಸಿರೋನಾರ್. ಮೊದಲನೆಯದು ವಾತಪ್ರಧಾನ, ಎರಡನೆಯದು ಪಿತ್ತಪ್ರಧಾನ ಎಂದು ಪಂಡಿತರು ಚಿತ್ರ ನೋಡದೆಯೇ ಹೇಳಬಲ್ಲರು. ಮೂರನೆಯದಾದ ಜಪಾನೀ ಗೋತ್ರದೊಳಗೆ ನಿಕ್ಕೋರ್ ಒಂದು ಕವಲಾದರೆ ಫ್ಯೂಜಿನಾನ್ ಇನ್ನೊಂದು, ಆ ಫ್ಯೂಜಿನಾನ್‌ನಲ್ಲೂ ಹೆಸರಿನ ಅಕ್ಷರಗಳು ಮುಂದಿನ ಉಂಗುರದ ಒಳಮೈಯಲ್ಲಿದ್ದರೆ ಹಳೆಯ ಒಳಬರಹ ಶಾಖೆ, ಹೊರಮೈಯಲ್ಲಿದ್ದರೆ ಹೊಸ ಹೊರಬರಹ ಶಾಖೆ. ಇವೆರಡರ ನಡುವೆ ಕೊಡುಕೊಳ್ಳುವಿಕೆ ನಿಷಿದ್ಧ. ನಾಲ್ಕನೆಯ ಗೋತ್ರವೊಂದಿದೆ, ಅದನ್ನು ವಿವರಿಸುವ ಉತ್ಸಾಹ ಗ್ರಂಥಕರ್ತನಿಗೆ ಉಳಿದಿಲ್ಲ.

ಇಲ್ಲಿ ಪೂರ್ವಪಕ್ಷಕ್ಕೊಂದು ಅಡ್ಡಿಯಿದೆ. ಈಚಿನ ಜರ್ಮನ್ ಕುಲೀನರೂ ಬಹುಪಾಲು ಜಪಾನಿನ ಕೊಪಾಲ್ ಶಟರಿನಲ್ಲಿ ಕುಳಿತೇ ರೆಪ್ಪೆ ಬಡಿಯುತ್ತಾರೆ (ಹೆಸರು ಕೇಳಿ ಕೊಪ್ಪಳದ್ದೆಂದು ತಿಳಿಯಬಾರದು). ಇನ್ನು ಸೂಲಿಬೆಲೆಯ ರಾಗಿ ಹೊಲವನ್ನು ಬದುವಿನಿಂದ ದೂರದ ಹುಣಸೆಮರದವರೆಗೂ ಸ್ಪಷ್ಟವಾಗಿ ಹಿಡಿಯಬೇಕೆಂದರೆ ಲೆನ್ಸಿನ ರಂಧ್ರವನ್ನು ಎಫ್ 22ರಷ್ಟಕ್ಕೆ ಕಿರಿದುಗೊಳಿಸಬೇಕಾಗುತ್ತದೆ, ಆಗ ರಂಧ್ರದಂಚಿನಲ್ಲಿ ಬೆಳಕು ಬಾಗಿ ಹರಡುವ ವಿವರ್ತನೆ ಎಂಬ ಗುಣವು ಎಲ್ಲ ಗೋತ್ರಗಳ ಹರಿತವನ್ನೂ ಒಂದೇ ಸಮಕ್ಕೆ ಮೊಂಡು ಮಾಡುತ್ತದೆ. ಅಷ್ಟರಲ್ಲಿ ಗಾಳಿಗೆ ತೆನೆ ತೂಗಿದರೆ ಸಿದ್ಧಾಂತವೂ ತೂಗುತ್ತದೆ. ನಿಜಕ್ಕೂ ಕೇಳಬೇಕಾದ ಪ್ರಶ್ನೆ ಬಿಂಬವೃತ್ತದ್ದು, ಅಂದರೆ ಲೆನ್ಸು ಹಿಂದಕ್ಕೆ ಚೆಲ್ಲುವ ಬೆಳಕಿನ ದುಂಡು ಎಷ್ಟು ಅಗಲವೆಂಬುದು. ಹಾಳೆಯಲ್ಲಿ ಬಿಂಬ ಬೀಳುವ ಭಾಗದ ಕರ್ಣವೇ ಸುಮಾರು 153 ಮಿಲಿಮೀಟರ್ ಇರುವುದರಿಂದ, ದುಂಡು ಅದಕ್ಕಿಂತ ಸಾಕಷ್ಟು ದೊಡ್ಡದಿದ್ದರೆ ಮಾತ್ರ ಲೆನ್ಸನ್ನು ಮೇಲೇರಿಸಿ ಗೋಪುರವನ್ನು ವಾಲಿಸದೆ ನೆಟ್ಟಗೆ ತೆಗೆಯಬಹುದು. ಇದು ಕೋಷ್ಟಕ ನೋಡಿದರೆ ತಿಳಿಯುವ ಸಂಗತಿಯಾದ್ದರಿಂದ ಗೋಷ್ಠಿಗಳಲ್ಲಿ ಚರ್ಚೆಗೆ ಬರುವುದಿಲ್ಲ.

1854ರ ಡಿಸೆಂಬರಿನಲ್ಲಿ ಮದರಾಸು ಸೈನ್ಯದ ಅಧಿಕಾರಿ ಲಿನ್ಯಸ್ ಟ್ರೈಪ್ ಹಳೇಬೀಡು, ಬೇಲೂರುಗಳಿಗೆ ಹೋಗಿ ಕಾಗದದ ನೆಗೆಟಿವ್‌ಗಳ ಮೇಲೆ ದೇವಾಲಯಗಳನ್ನು ಹಿಡಿದುಕೊಂಡು ಬಂದನು. ಆ ಚಿತ್ರಗಳು ಇಂದಿಗೂ ಉಳಿದಿವೆ, ನೋಡಿದವರು ಹೊಯ್ಸಳರ ಕಲ್ಲನ್ನು ನೋಡುತ್ತಾರೆಯೇ ಹೊರತು ಲೆನ್ಸಿನ ಗೋತ್ರವನ್ನು ಕೇಳುವುದಿಲ್ಲ.

ಉಳಿಯದಿದ್ದವುಗಳ ಮಾತೇ ಬೇರೆ. ಸಣ್ಣ ಊರುಗಳ ಸ್ಟುಡಿಯೋಗಳಲ್ಲಿ ಮದುವೆಯ ಜೋಡಿ, ಮೊದಲ ಸಲ ಕುರ್ಚಿಯ ಮೇಲೆ ಕುಳಿತ ಅಜ್ಜಿ, ಶಾಲೆಯ ಮಕ್ಕಳ ಸಾಲು, ಇವರೆಲ್ಲ ಇದ್ದ ಗಾಜಿನ ನೆಗೆಟಿವ್‌ಗಳನ್ನು ಬಿಸಿನೀರಿನಲ್ಲಿ ಉಜ್ಜಿ ತೊಳೆದು, ಗಾಜನ್ನು ಚೌಕಟ್ಟಿಗೆ ಹಾಕಿಬಿಟ್ಟರು. ಹೊಟ್ಟೆಪಾಡಿಗೆ ತೊಳೆದವರನ್ನು ಬೈಯುವಂತಿಲ್ಲ. ಆದರೆ ಒಂದು ಲೆನ್ಸಿನ ಬೆಲೆಯಲ್ಲಿ ಒಂದು ಸ್ಟುಡಿಯೋದ ಗಾಜನ್ನೆಲ್ಲ ಕೊಂಡು ಕಾಪಾಡಬಲ್ಲವರಾಗಿದ್ದೂ ಒಳಬರಹ ಹೊರಬರಹಗಳ ವಾದದಲ್ಲಿ ಸಂಜೆಗಳನ್ನು ಕಳೆದ ಪಂಡಿತರಿಗೆ ನಾಚಿಕೆಯಾಗಬೇಕು. ಅಜ್ಜಿಯ ಮುಖ ಹೋಯಿತು, ಲೆನ್ಸು ಮಾತ್ರ ಬೀರುವಿನಲ್ಲಿ ಭದ್ರವಾಗಿದೆ.

ಸೂಲಿಬೆಲೆಯಲ್ಲಾಗಲಿ ಆಸುಪಾಸಿನ ಹಳ್ಳಿಗಳಲ್ಲಾಗಲಿ ಯಾರದಾದರೂ ಅಟ್ಟದ ಮೇಲೆ ಇಂಥ ಗಾಜುಗಳಿದ್ದರೆ ದಯಮಾಡಿ ಒರೆಸಬೇಡಿ, ನೀರು ತಾಕಿಸಬೇಡಿ; ಅಂಚಿನಲ್ಲಷ್ಟೇ ಹಿಡಿದು, ಒಂದೊಂದನ್ನೂ ಬೇರೆ ಬೇರೆ ಕಾಗದದಲ್ಲಿ ಸುತ್ತಿ, ಒಂದರ ಮೇಲೊಂದು ಪೇರಿಸದೆ ನಿಲ್ಲಿಸಿಡಿ.