ಒಟ್ಟಾರೆಯಾಗಿ ಹೇಳುವುದಾದರೆ

ಬೀಚನಹಳ್ಳಿಯಿಂದ ಬಸ್ಸು ಹತ್ತಿ ಡಿಗ್ರಿ ಓದಲು ಹೋಗುವ ನಮ್ಮಂಥವರಿಗೆ ಕಾಲೇಜಿನಲ್ಲಿ ಬರೆಯುವುದನ್ನು ಕಲಿಸುವುದಿಲ್ಲ ಎಂದು ಯಾರಾದರೂ ಅಂದರೆ ನಂಬಬೇಡಿ. ಚೆನ್ನಾಗಿಯೇ ಕಲಿಸಿದ್ದಾರೆ. ಪ್ರಬಂಧಕ್ಕೆ ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಎಂದು ಮೂರು ಅಂಗ. ಮೂರರ ಕೆಳಗೂ ಸ್ಕೆಚ್ ಪೆನ್ನಿನಲ್ಲಿ ಗೆರೆ ಎಳೆದರೆ ಮೌಲ್ಯಮಾಪಕರ ಕಣ್ಣು ಗೆರೆಯಿಂದ ಗೆರೆಗೆ ಹಾರುತ್ತದೆ. ನಡುವೆ ಏನಿದೆ ಎಂಬುದು ಅವರಿಗೂ ಬೇಕಿಲ್ಲ, ನಮಗೂ ನೆನಪಿಲ್ಲ. ಶುರು "ಇಂದಿನ ಆಧುನಿಕ ಯುಗದಲ್ಲಿ" ಎಂದಾಗಬೇಕು, ಕೊನೆ "ಒಟ್ಟಾರೆಯಾಗಿ ಹೇಳುವುದಾದರೆ" ಎಂದಾಗಬೇಕು. ಹೇಳುವುದು ಏನೂ ಇರದಿದ್ದರೂ ಪರವಾಗಿಲ್ಲ, ಒಟ್ಟಾರೆ ಆದರಾಯಿತು.

ಒಮ್ಮೆ "ಅಣೆಕಟ್ಟುಗಳು ಮತ್ತು ದೇಶದ ಅಭಿವೃದ್ಧಿ" ಎಂಬ ವಿಷಯ ಕೊಟ್ಟರು. ನನಗೆ ಹಬ್ಬ. ಕಬಿನಿ ಡ್ಯಾಂ ನಮ್ಮೂರಲ್ಲೇ ಇದೆಯಲ್ಲ! 1974ರಲ್ಲಿ ಮುಗಿದ ಈ ಡ್ಯಾಮಿನ ಗರಿಷ್ಠ ಮಟ್ಟ 2284 ಅಡಿ ಎಂಬುದು ನಮ್ಮೂರ ಹುಡುಗರಿಗೆ ಮಗ್ಗಿಯಷ್ಟೇ ಬಾಯಿಪಾಠ. ಇಲ್ಲಿ ಗೇಟು ಎತ್ತಿದರೆ ಅಲ್ಲಿ ನಂಜನಗೂಡಿನ ಹದಿನಾರು ಕಾಲು ಮಂಟಪ ಮುಳುಗುತ್ತದೆ. ಪುನ್ನಾಟ ಅರಸರ ರಾಜಧಾನಿ ಕೀರ್ತಿಪುರವೇ ಎನ್ನಲಾಗುವ ಕಿತ್ತೂರು ಈ ಹಿನ್ನೀರಿನಡಿ ಸೇರಿಹೋಯಿತು. ನೀರು ಬರುವ ಮುಂಚೆ ನಮ್ಮ ತಾತ ಹಳೇ ಮನೆಯ ಬಾಗಿಲು ಚೌಕಟ್ಟು ಕಿತ್ತು, ಹೆಂಚು ಇಳಿಸಿ, ಎತ್ತಿನ ಗಾಡಿಗೆ ಹೇರಿಕೊಂಡು ಹೊರಟಾಗ ಅಜ್ಜಿ ಒಲೆಯ ಕಲ್ಲನ್ನೂ ಬಿಡದೆ ಮಡಿಲಲ್ಲಿಟ್ಟುಕೊಂಡು ಕೂತಳಂತೆ. ಇದನ್ನೆಲ್ಲ ಬರೆದೆ.

ಮೇಷ್ಟ್ರು ಕರೆದರು.

"ಏನಪ್ಪಾ, ಪ್ರಬಂಧ ಬರಿ ಅಂದ್ರೆ ಕಥೆ ಬರ್ದಿದ್ದೀಯ?"

"ಕಥೆ ಅಲ್ಲ ಸಾರ್, ನಮ್ಮ ತಾತ ಹೇಳಿದ್ದು."

"ತಾತನ್ನ ಬಿಡು. ಆಕರ ಗ್ರಂಥ ಯಾವ್ದು?"

ತಾತನಿಗೆ ಪ್ರಕಾಶಕರಿಲ್ಲ, ಎರಡನೇ ಮುದ್ರಣವೂ ಇಲ್ಲ. ಪಕ್ಕದ ಬೆಂಚಿನವನು ಡ್ಯಾಮನ್ನು ಕಂಡದ್ದು ಕ್ಯಾಲೆಂಡರಿನಲ್ಲಿ. ಅವನು ಗೈಡು ನೋಡಿ, 1954ರಲ್ಲಿ ಭಾಕ್ರಾ ನಂಗಲಿನಲ್ಲಿ ನೆಹರೂ ಅಣೆಕಟ್ಟುಗಳನ್ನು ದೇವಾಲಯ ಎಂದು ಕರೆದರೆಂದು ಬರೆದು ಪೂರ್ತಿ ಅಂಕ ಗಿಟ್ಟಿಸಿದ. ಆ ದೇವಾಲಯದ ಕೆಳಗೆ ಯಾರ ಮನೆಯಿತ್ತು ಎಂಬುದು ಸಿಲಬಸ್ಸಿನಲ್ಲಿಲ್ಲ.

ಮೇಷ್ಟ್ರನ್ನು ಬೈದು ಪ್ರಯೋಜನವಿಲ್ಲ. ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳಲ್ಲಿ ಪಾಠ ಮಾಡುವ ಸಾವಿರಾರು ಜನರಂತೆ ಅವರೂ ಅತಿಥಿ ಉಪನ್ಯಾಸಕರು. ವರ್ಷವರ್ಷವೂ ಬಂದು ಕೂತರೂ ಮನೆಯವರಾಗದ ಅತಿಥಿ. ಸೇವೆ ಕಾಯಂ ಮಾಡಿ ಎಂದು ಅವರು ಸರ್ಕಾರಕ್ಕೆ ಬರೆದ ಮನವಿಗಳಲ್ಲಿ ಪೀಠಿಕೆ, ವಿವರಣೆ, ಉಪಸಂಹಾರ ಎಲ್ಲ ಇವೆ. ಅವನ್ನೂ ಯಾರೂ ಓದಿಲ್ಲ. ಓದಿಸಿಕೊಳ್ಳದವರು ನಮ್ಮದನ್ನು ಓದಲಿ ಎಂದರೆ ಹೇಗೆ?

ಸರ್ಕಾರವೇನು ಸುಮ್ಮನೆ ಕೂತಿಲ್ಲ. 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ ತಂದು ಪದವಿಯನ್ನು ನಾಲ್ಕು ವರ್ಷಕ್ಕೆ ಎಳೆಯಿತು, 2024ರಲ್ಲಿ ಮತ್ತೆ ಮೂರಕ್ಕೆ ಇಳಿಸಿತು. ಪಠ್ಯಪುಸ್ತಕ ಬದಲಾಯಿತು, ಗೈಡಿನ ರಕ್ಷಾಪುಟ ಬದಲಾಯಿತು. ಒಳಗಿನ "ಇಂದಿನ ಆಧುನಿಕ ಯುಗ" ಮಾತ್ರ ಇನ್ನೂ ಮುಗಿದಿಲ್ಲ.

ಈಗ ಹೊಸ ಗಾಬರಿ: ಹುಡುಗರು ಚಾಟ್‌ಜಿಪಿಟಿಯಿಂದ ಅಸೈನ್‌ಮೆಂಟ್ ಬರೆಸುತ್ತಾರಂತೆ! ಕಾಣದ್ದನ್ನು ಕಂಡಂತೆ, ಅನಿಸದ್ದನ್ನು ಅನಿಸಿದಂತೆ, ತಪ್ಪಿಲ್ಲದೆ, ತಲೆನೋವಿಲ್ಲದೆ ಬರೆಯುವ ಯಂತ್ರವಾಗು ಎಂದು ಒಂದನೇ ಕ್ಲಾಸಿನಿಂದ ನಮ್ಮನ್ನು ತಿದ್ದಿದವರು, ನಿಜವಾದ ಯಂತ್ರ ಬಂದ ಕೂಡಲೇ ಕಂಗಾಲಾದರೆ ನಗು ಬರದೆ ಇನ್ನೇನು? ನಮ್ಮ ಕೆಲಸವನ್ನು ಅದು ನಮಗಿಂತ ನೀಟಾಗಿ ಮಾಡುತ್ತಿದೆ, ಅಷ್ಟೇ.

ಹಾಗೆಂದು ಬರೆಯುವುದನ್ನು ಯಾರೂ ನಿಜವಾಗಿ ಕಲಿಸಿಯೇ ಇಲ್ಲ ಎಂದಲ್ಲ. ಮೈಸೂರಿನಲ್ಲೇ ಒಂದು ಬರವಣಿಗೆಯ ತರಗತಿ ನಡೆದದ್ದುಂಟು. 1924ರಲ್ಲಿ ವಿದ್ಯಾರ್ಥಿ ಪುಟ್ಟಪ್ಪ ತಮ್ಮ ಇಂಗ್ಲಿಷ್ ಕವಿತೆಗಳನ್ನು ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವರಿಗೆ ತೋರಿಸಿದರು. ನಿನ್ನ ಭಾಷೆಯಲ್ಲಿ ಬರೆ ಎಂದರು ಅವರು. ಅಲ್ಲಿ ಇಂಟರ್ನಲ್ಸ್ ಇರಲಿಲ್ಲ, ಹಾಜರಾತಿ ಇರಲಿಲ್ಲ. ಕುವೆಂಪು ಆಗಿ ಬೆಳೆದು ಮುಂದೆ ಅದೇ ಊರಿನ ವಿಶ್ವವಿದ್ಯಾಲಯದ ಕುಲಪತಿಯಾದ ಹುಡುಗನಿಗೆ ಸಿಕ್ಕದ್ದು ಇಷ್ಟೇ: ಅವನು ಬರೆದದ್ದನ್ನು ಒಬ್ಬರು ಓದಿದ್ದರು.

ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆಯ ತಂಬಾಕು ಹರಾಜು ಮಾರುಕಟ್ಟೆಗೆ ಹೋಗಿ ನೋಡಿ. ಬೆಲೆ ಕಡಿಮೆ ಕೂಗಬಹುದು, ಮೋಸವೂ ಆಗಬಹುದು. ಆದರೂ ಖರೀದಿದಾರ ಬೇಲಿನಿಂದ ಎಲೆ ಎಳೆದು, ಬಿಡಿಸಿ, ಮೂಸಿ ನೋಡದೆ ಬೆಲೆ ಕಟ್ಟುವುದಿಲ್ಲ. ಹೊಗೆಸೊಪ್ಪಿಗೆ ಸಿಗುವ ಈ ಮರ್ಯಾದೆ ಡಿಗ್ರಿ ಹುಡುಗನ ಉತ್ತರ ಪತ್ರಿಕೆಗೆ ಸಿಗುವುದಿಲ್ಲ.

ಪಠ್ಯ ಸಮಿತಿಯ ದೊಡ್ಡವರಲ್ಲಿ ನನ್ನದೊಂದು ಅರಿಕೆ. ಮುಂದಿನ ಪ್ರಶ್ನೆಪತ್ರಿಕೆಯಲ್ಲಿ ಹತ್ತು ಅಂಕಕ್ಕೆ ಒಂದೇ ಒಂದು ಪ್ರಶ್ನೆ ಹಾಕಿ: "ನಿಮ್ಮ ಮನೆಯ ಹಿರಿಯರೊಬ್ಬರನ್ನು ಕೇಳಿ ತಿಳಿದದ್ದನ್ನು ಬರೆಯಿರಿ." ಇದಕ್ಕೆ ಗೈಡು ಅಚ್ಚು ಹಾಕಲಾಗುವುದಿಲ್ಲ, ಒಂದೇ ಉತ್ತರ ಎರಡು ಪತ್ರಿಕೆಯಲ್ಲಿ ಬರುವುದಿಲ್ಲ. ಒಂದೇ ತೊಂದರೆ: ಅಂಕ ಹಾಕಬೇಕಾದರೆ ಓದಲೇಬೇಕಾಗುತ್ತದೆ. ಅದಕ್ಕೂ ಟಿಎ, ಡಿಎ ಕೊಟ್ಟುಬಿಡಿ.